ಹೆಸರಿಲ್ಲದ ಕಡತದಲ್ಲಿ ಯಾರಿದ್ದಾರೆ?

ಕೆಲವು ತಿಂಗಳ ಹಿಂದೆ ಒಂದು ರಾತ್ರಿ, ನನ್ನ ಫೋನಿನಲ್ಲಿ ಹಲವು ವರ್ಷಗಳಿಂದ ಇದ್ದ ಒಂದು ಸೇವೆಯಿಂದ ನನ್ನದೇ ಓಡಾಟದ ದಾಖಲೆಯನ್ನು ತರಿಸಿಕೊಂಡು ನೋಡಿದೆ. ಹಾಗೆ ಕೇಳಿ ಪಡೆಯಬಹುದು ಎಂದು ಓದಿದ್ದೆನೇ ಹೊರತು ಎಂದೂ ಕೇಳಿರಲಿಲ್ಲ. ಬಂದ ಕಡತದಲ್ಲಿ ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಇದ್ದದ್ದು ಸಾಲುಸಾಲು ಅಂಕಿಗಳು: ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ, ನಿಮಿಷ. ಅವನ್ನು ನಕ್ಷೆಯ ಮೇಲೆ ಹರಡಿದಾಗ ಚುಕ್ಕಿಗಳು ಮೂಡಿದವು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕದಲದೆ ನಿಲ್ಲುವ ಒಂದು ಚುಕ್ಕಿ, ಅದು ಮನೆ. ವಾರಕ್ಕೆ ಐದು ದಿನ ಹಗಲುಹೊತ್ತು ನಿಲ್ಲುವ ಇನ್ನೊಂದು; ಅದು ಕಚೇರಿ. ಮತ್ತೆ, ಸುಮಾರು ಆರು ತಿಂಗಳ ಕಾಲ ಪ್ರತಿ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಮಧ್ಯಾಹ್ನ ಒಂದರ ತನಕ ಇರುತ್ತಿದ್ದ ಮೂರನೆಯ ಚುಕ್ಕಿ. ಅದು ಒಂದು ಆಸ್ಪತ್ರೆಯ ಒಂದು ನಿರ್ದಿಷ್ಟ ಕಟ್ಟಡ, ಆ ಕಟ್ಟಡದಲ್ಲಿ ಚಿಕಿತ್ಸೆ ಕೊಡುವುದು ಒಂದೇ ರೋಗಕ್ಕೆ. ತಂದೆಯವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೇವೆಂಬ ಸಂಗತಿಯನ್ನು ಅವರ ಇಚ್ಛೆಯಂತೆ ನಾವು ಹತ್ತಿರದ ನೆಂಟರಿಗೂ ಹೇಳಿರಲಿಲ್ಲ. ಆರನೆಯ ತಿಂಗಳ ಕೊನೆಗೆ ಆ ಚುಕ್ಕಿ ಮೂಡುವುದು ನಿಂತುಹೋಗಿತ್ತು. ಏಕೆ ನಿಂತಿತೆಂದು ಊಹಿಸಲು ಆ ನಕ್ಷೆಯನ್ನು ನೋಡುವವರಿಗೆ ನನ್ನ ಹೆಸರು ಬೇಕಿರಲಿಲ್ಲ.

ಅದೇ ಸೇವೆಯ ಷರತ್ತುಗಳಲ್ಲಿ, ಬಳಕೆದಾರರ ಮಾಹಿತಿಯನ್ನು ಹೆಸರು ತೆಗೆದ ಬಳಿಕವೇ ಇತರರೊಂದಿಗೆ ಹಂಚಿಕೊಳ್ಳಲಾಗುತ್ತದೆ ಎಂಬ ಭರವಸೆಯ ಸಾಲೊಂದಿತ್ತು. ಇಂಥ ಸಾಲನ್ನು ನಾವೆಲ್ಲರೂ ನೂರಾರು ಬಾರಿ ದಾಟಿಕೊಂಡು ಹೋಗಿದ್ದೇವೆ. ಈ ಲೇಖನ ಆ ಒಂದು ಸಾಲಿನ ಕುರಿತದ್ದು. ಹೆಸರು ಮುಚ್ಚಿದರೆ ಮನುಷ್ಯ ಮರೆಯಾಗುತ್ತಾನೆ ಎಂಬ ನಂಬಿಕೆ ಹಳೆಯದು. ಅದರ ಮೇಲೆಯೇ ಕಂಪನಿಗಳ ಭರವಸೆ ನಿಂತಿದೆ, ಹಲವು ಕಾನೂನುಗಳ ವಿನಾಯಿತಿ ನಿಂತಿದೆ, ಬೇರೆ ಹೆಸರಿನಲ್ಲಿ ಖಾತೆ ತೆರೆದು ನಿಶ್ಚಿಂತರಾಗಿರುವ ಲಕ್ಷಾಂತರ ಜನರ ನೆಮ್ಮದಿಯೂ ನಿಂತಿದೆ. ಆ ನಂಬಿಕೆ ಕಾಲು ಶತಮಾನದ ಹಿಂದೆಯೇ ಸುಳ್ಳೆಂದು ಸಾಬೀತಾಗಿದೆ.

ಇದರ ಲೆಕ್ಕ ಸರಳವಾದದ್ದು. ಭೂಮಿಯ ಮೇಲೆ ಈಗ 800 ಕೋಟಿಗೂ ಹೆಚ್ಚು ಜನರಿದ್ದಾರೆ. ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರವಷ್ಟೇ ಇರುವ, ಪ್ರತಿ ಬಾರಿಯೂ ಗುಂಪನ್ನು ಸರಿಯಾಗಿ ಅರ್ಧಕ್ಕೆ ಸೀಳುವ ಪ್ರಶ್ನೆಗಳನ್ನು ಕೇಳುತ್ತ ಹೋದರೆ, ಹತ್ತು ಪ್ರಶ್ನೆಗಳಲ್ಲಿ 800 ಕೋಟಿ ಜನ ಸುಮಾರು 78 ಲಕ್ಷಕ್ಕೆ ಇಳಿಯುತ್ತಾರೆ. ಇಪ್ಪತ್ತಕ್ಕೆ ಏಳೂವರೆ ಸಾವಿರ. ಮೂವತ್ತಕ್ಕೆ ಏಳೆಂಟು ಮಂದಿ. ಮೂವತ್ತಮೂರನೆಯ ಉತ್ತರ ಬರುವಷ್ಟರಲ್ಲಿ ಉಳಿಯುವುದು ಒಬ್ಬರೇ. ಲಿಂಗ ಯಾವುದೆಂದು ಗೊತ್ತಾದರೆ ಅದು ಒಂದು ಪ್ರಶ್ನೆಗೆ ಸಮ. ಹುಟ್ಟಿದ ದಿನ ಮತ್ತು ತಿಂಗಳು ಗೊತ್ತಾದರೆ ಎಂಟೂವರೆ ಪ್ರಶ್ನೆಗಳಿಗೆ ಸಮ. ಯಾವ ಬಡಾವಣೆಯಲ್ಲಿ ಮಲಗುತ್ತೀರಿ ಎಂಬ ಒಂದೇ ಸಂಗತಿ ಹದಿನೆಂಟೋ ಇಪ್ಪತ್ತೋ ಪ್ರಶ್ನೆಗಳ ಕೆಲಸವನ್ನು ಒಮ್ಮೆಗೇ ಮುಗಿಸಿಬಿಡುತ್ತದೆ. ಹೆಸರಾದರೋ ಈ ಕೆಲಸಕ್ಕೆ ಅಷ್ಟೇನೂ ಒದಗುವುದಿಲ್ಲ, ಏಕೆಂದರೆ ಒಂದೇ ಹೆಸರಿನ ಸಾವಿರಾರು ಜನರಿರುತ್ತಾರೆ. ಆದರೆ ನಿಮ್ಮ ಮನೆಯಲ್ಲಿ ಮಲಗಿ, ನಿಮ್ಮ ಕಚೇರಿಯಲ್ಲಿ ದುಡಿದು, ಮಂಗಳವಾರ ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗುವವರು ಜಗತ್ತಿನಲ್ಲಿ ನೀವೊಬ್ಬರೇ.

ಇದನ್ನು ಮೊದಲು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಲತಾನ್ಯಾ ಸ್ವೀನಿ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗವು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿತು. ಜನ್ಮದಿನಾಂಕ, ಲಿಂಗ ಮತ್ತು ಪಿನ್‌ಕೋಡ್ ಮಾತ್ರ ಹಾಗೆಯೇ ಉಳಿದಿದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಸ್ವೀನಿ, ರಾಜ್ಯಪಾಲ ವಿಲಿಯಂ ವೆಲ್ಡ್ ವಾಸವಿದ್ದ ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರ್ ಕೊಟ್ಟು ಕೊಂಡರು. ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅದೇ ಪಿನ್‌ಕೋಡ್‌ನಲ್ಲಿದ್ದವರು ಒಬ್ಬರೇ. ಹೆಸರಿಲ್ಲದ ಕಡತದಿಂದ ರಾಜ್ಯಪಾಲರ ಆಸ್ಪತ್ರೆ ದಾಖಲೆ ಎದ್ದು ಬಂತು. ಅಮೆರಿಕದ ಜನಸಂಖ್ಯೆಯ ಶೇ 87ರಷ್ಟು ಮಂದಿಯನ್ನು ಈ ಮೂರೇ ವಿವರಗಳಿಂದ ಬೇರ್ಪಡಿಸಿ ಗುರುತಿಸಬಹುದೆಂದು ಸ್ವೀನಿ ಮುಂದೆ ಲೆಕ್ಕ ಹಾಕಿದರು. 2006ರಲ್ಲಿ ಇನ್ನೊಬ್ಬ ಸಂಶೋಧಕರು ಆ ಪ್ರಮಾಣ ಶೇ 63 ಎಂದು ತಿದ್ದಿದರು. ಶೇ 63 ಎಂದರೂ ಭರವಸೆಯ ಸಾಲು ನಿಲ್ಲುವುದಿಲ್ಲ.

ಅದೇ 2006ರ ಆಗಸ್ಟ್‌ನಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. ಅಂತರ್ಜಾಲ ಸೇವೆ ಕೊಡುತ್ತಿದ್ದ ಎಒಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ ಸುಮಾರು ಎರಡು ಕೋಟಿ ಹುಡುಕುಪದಗಳನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಪ್ರತಿ ಬಳಕೆದಾರರ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆಯಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಕೆಲವೇ ದಿನಗಳಲ್ಲಿ ಅಂಥ ಒಂದು ಸಂಖ್ಯೆಯ ಬೆನ್ನು ಹತ್ತಿ, ಜಾರ್ಜಿಯಾ ರಾಜ್ಯದ ಸಣ್ಣ ಊರೊಂದರಲ್ಲಿದ್ದ 62 ವರ್ಷದ ವಿಧವೆಯೊಬ್ಬರ ಮನೆಬಾಗಿಲು ತಟ್ಟಿದರು. ಆಕೆ ತನ್ನ ಊರಿನ ಹೆಸರು ಸೇರಿಸಿ ಏನನ್ನೋ ಹುಡುಕಿದ್ದರು, ತನ್ನದೇ ಕುಲನಾಮದವರನ್ನು ಹುಡುಕಿದ್ದರು. ಅಷ್ಟು ಸಾಕಾಗಿತ್ತು. ಬೆರಳು ಮರಗಟ್ಟುವುದರ ಕುರಿತು, ಅರವತ್ತರ ಒಂಟಿ ಗಂಡಸರ ಕುರಿತು, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವ ನಾಯಿಯ ಕುರಿತು ಆಕೆ ಕೇಳಿದ್ದೆಲ್ಲ ಆ ಪಟ್ಟಿಯಲ್ಲಿತ್ತು. ಕಂಪನಿ ಕ್ಷಮೆ ಕೇಳಿತು, ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು ಹುದ್ದೆ ಬಿಟ್ಟರು, ಆದರೆ ಆ ವೇಳೆಗೆ ಕಡತದ ಪ್ರತಿಗಳು ಎಲ್ಲೆಡೆ ಹರಡಿದ್ದವು.

ಆ ವರದಿಯಲ್ಲಿದ್ದ ಒಂದು ವಿವರದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ, ನನಗೆ ಮಾತ್ರ ಅದೇ ಮುಖ್ಯವೆನಿಸುತ್ತದೆ. ಆಕೆಯ ಹುಡುಕಾಟದಲ್ಲಿದ್ದ ಹಲವು ಕಾಯಿಲೆಗಳು ಆಕೆಯವಲ್ಲ. ಕಷ್ಟದಲ್ಲಿದ್ದ ಗೆಳತಿಯರಿಗಾಗಿ, ಅವರ ಆತಂಕ ಕಡಿಮೆಯಾಗಲೆಂದು ಆಕೆ ಓದಿ ತಿಳಿದುಕೊಳ್ಳುತ್ತಿದ್ದರು. ಕಡತವನ್ನಷ್ಟೇ ನೋಡಿದವರಿಗೆ ಆಕೆ ಹಲವು ರೋಗಗಳ ಮುದುಕಿ. ಬದುಕಿನಲ್ಲಿ ಆಕೆ ಪರರ ನೋವಿಗೆ ಮಿಡಿಯುವ ಗೆಳತಿ. ಖಾಸಗಿತನದ ನಷ್ಟವೆಂದರೆ ನಮ್ಮ ಗುಟ್ಟು ಹೊರಬೀಳುವುದು ಎಂದಷ್ಟೇ ತಿಳಿಯುತ್ತೇವೆ. ನಮ್ಮನ್ನು ಎಂದೂ ಕಾಣದವರು ತುಣುಕುಗಳನ್ನು ಜೋಡಿಸಿ ನಮ್ಮ ಕುರಿತು ತೀರ್ಮಾನಕ್ಕೆ ಬರುವುದೂ, ಆ ತೀರ್ಮಾನವನ್ನು ತಿದ್ದುವ ಅವಕಾಶ ನಮಗೆ ಸಿಗದಿರುವುದೂ ಅದೇ ನಷ್ಟದ ಭಾಗ. ಸಾಲ ಕೊಡುವವರು, ವಿಮೆ ಮಾಡುವವರು, ಕೆಲಸಕ್ಕೆ ಆರಿಸುವವರು ಇಂಥ ಊಹೆಗಳನ್ನು ಆಧರಿಸಿ ನಿರ್ಧರಿಸತೊಡಗಿದರೆ, ತಪ್ಪು ಊಹೆಗೆ ಬಲಿಯಾದವರಿಗೆ ತಾವು ಬಲಿಯಾಗಿದ್ದೇವೆಂಬ ಸುಳಿವೂ ಸಿಗಲಾರದು.

ಅದೇ ವರ್ಷ ನೆಟ್‌ಫ್ಲಿಕ್ಸ್ ಸುಮಾರು 4,80,000 ಗ್ರಾಹಕರು ಸಿನಿಮಾಗಳಿಗೆ ಕೊಟ್ಟ ಹತ್ತು ಕೋಟಿ ಅಂಕಗಳನ್ನು ಹೆಸರಿಲ್ಲದೆ ಪ್ರಕಟಿಸಿ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಟೆಕ್ಸಸ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಆ ಕಡತವನ್ನು ಪರಿಶೀಲಿಸಿ, ಒಬ್ಬರು ಅಂಕ ಕೊಟ್ಟ ಎಂಟು ಸಿನಿಮಾಗಳು ಗೊತ್ತಿದ್ದರೆ, ಅವುಗಳಲ್ಲಿ ಎರಡು ಪೂರ್ತಿ ತಪ್ಪಾಗಿದ್ದರೂ ದಿನಾಂಕಗಳಲ್ಲಿ ಎರಡು ವಾರದ ವ್ಯತ್ಯಾಸವಿದ್ದರೂ, ಶೇ 99ರಷ್ಟು ದಾಖಲೆಗಳನ್ನು ಬೇರ್ಪಡಿಸಿ ಗುರುತಿಸಬಹುದೆಂದು ತೋರಿಸಿದರು. 2013ರಲ್ಲಿ ಈವ್-ಅಲೆಕ್ಸಾಂದ್ರ್ ದ ಮಾಂಜುವಾ ಮತ್ತು ಸಂಗಡಿಗರು 15 ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ದಾಖಲೆಗಳನ್ನು ಅಧ್ಯಯನ ಮಾಡಿದರು. ಯಾವ ಗಂಟೆಯಲ್ಲಿ ಯಾವ ಟವರ್‌ನ ವ್ಯಾಪ್ತಿಯಲ್ಲಿದ್ದರು ಎಂಬ ಒರಟು ಮಾಹಿತಿಯ ನಾಲ್ಕೇ ನಾಲ್ಕು ಬಿಂದುಗಳಿಂದ ಶೇ 95ರಷ್ಟು ಜನರನ್ನು ಪ್ರತ್ಯೇಕಿಸಬಹುದಿತ್ತು. ನಾಲ್ಕು ಬಿಂದುಗಳು! ನನ್ನ ಕಡತದಲ್ಲಿದ್ದದ್ದು ಹಲವು ಸಾವಿರ.

ಈ ಬಿಂದುಗಳು ಹೇಗೆ ಕೂಡಿಬರುತ್ತವೆ ಎಂಬುದನ್ನು ತಿಳಿಯಲು ಒಂದು ಜಾಲಪುಟ ತೆರೆದುಕೊಳ್ಳುವ ಕ್ಷಣವನ್ನು ಹತ್ತಿರದಿಂದ ನೋಡಬೇಕು. ವಿಳಾಸ ಒತ್ತಿದ ಕೂಡಲೇ ಬ್ರೌಸರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ: ಯಾವ ಆವೃತ್ತಿ, ಯಾವ ಭಾಷೆ, ಪರದೆಯ ಅಳತೆ, ಸಮಯವಲಯ, ಸಾಧನದಲ್ಲಿರುವ ಫಾಂಟ್‌ಗಳು. ಒಂದೊಂದೂ ನಿರುಪದ್ರವಿ. ಪುಟವು ಸರಿಯಾಗಿ ಕಾಣಬೇಕಾದರೆ ಇವುಗಳಲ್ಲಿ ಕೆಲವು ಬೇಕೂ ಹೌದು. ಆದರೆ ಎಲ್ಲವನ್ನೂ ಕೂಡಿಸಿದರೆ ಅದು ಬೆರಳಚ್ಚು. ಡಿಜಿಟಲ್ ಹಕ್ಕುಗಳ ಸಂಘಟನೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,70,161 ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ 83.6ರಷ್ಟು ಬ್ರೌಸರ್‌ಗಳ ಬೆರಳಚ್ಚು ಇನ್ನೊಂದಕ್ಕೆ ಹೋಲುತ್ತಿರಲಿಲ್ಲ. ಜಾಲತಾಣಗಳು ಗುರುತಿಗೆಂದು ನಮ್ಮ ಸಾಧನದಲ್ಲಿ ಇಟ್ಟುಹೋಗುವ ಕಿರುಕಡತವಾದ ಕುಕಿಯನ್ನು ಅಳಿಸಬಹುದು, ಈ ಬೆರಳಚ್ಚನ್ನು ಅಳಿಸಲು ಬಳಕೆದಾರರ ಬಳಿ ಏನೂ ಇಲ್ಲ, ಏಕೆಂದರೆ ಅದು ಅವರ ಸಾಧನದಲ್ಲಿ ಉಳಿಯುವುದೇ ಇಲ್ಲ. ನೋಡುವವರ ಬಳಿ ಉಳಿಯುತ್ತದೆ. ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ತೆರೆದರೆ ಯಾರಿಗೂ ಕಾಣುವುದಿಲ್ಲವೆಂದು ನಂಬಿರುವವರು ಬಹಳ. ಅದು ಮುಖ್ಯವಾಗಿ ಮರೆಮಾಚುವುದು ಅದೇ ಸಾಧನವನ್ನು ಬಳಸುವ ಮನೆಯವರಿಂದ ಮಾತ್ರ.

ಪುಟ ತೆರೆದುಕೊಳ್ಳುತ್ತಿರುವ ಆ ಒಂದು ಸೆಕೆಂಡಿನೊಳಗೆ ಇನ್ನೊಂದು ವ್ಯವಹಾರ ಮುಗಿದಿರುತ್ತದೆ. ಖಾಲಿ ಇರುವ ಜಾಹೀರಾತಿನ ಜಾಗಕ್ಕಾಗಿ ಹರಾಜು ನಡೆಯುತ್ತದೆ. ಈ ಓದುಗರು ಎಲ್ಲಿದ್ದಾರೆ, ಯಾವ ಸಾಧನ ಹಿಡಿದಿದ್ದಾರೆ, ಏನನ್ನು ಓದುತ್ತಿದ್ದಾರೆ, ಅವರ ಜಾಹೀರಾತು ಗುರುತುಸಂಖ್ಯೆ ಯಾವುದು ಎಂಬ ವಿವರಗಳನ್ನು ಹರಾಜಿನಲ್ಲಿ ಭಾಗವಹಿಸುವ ಹತ್ತಾರು ಕಂಪನಿಗಳಿಗೆ ಕಳುಹಿಸಲಾಗುತ್ತದೆ. ಗೆಲ್ಲುವುದು ಒಂದೇ ಕಂಪನಿ, ಆದರೆ ವಿವರಗಳನ್ನು ಎಲ್ಲರೂ ಕಂಡಿರುತ್ತಾರೆ. ಸೋತ ಕಂಪನಿ ತಾನು ಕಂಡದ್ದನ್ನು ಕೂಡಿಟ್ಟುಕೊಳ್ಳದಂತೆ ತಡೆಯುವ ಗಟ್ಟಿ ಬೀಗ ಈ ವ್ಯವಸ್ಥೆಯಲ್ಲಿಲ್ಲ. ಹೀಗೆ, ಮತ್ತು ಆ್ಯಪ್‌ಗಳೊಳಗೆ ಅಡಗಿಸಿಟ್ಟ ತಂತ್ರಾಂಶದ ತುಣುಕುಗಳ ಮೂಲಕ, ಓಡಾಟದ ಮಾಹಿತಿ ದತ್ತಾಂಶ ದಲ್ಲಾಳಿಗಳ ಕೈ ಸೇರುತ್ತದೆ. ಅವರಿಂದ ಹಣ ಕೊಟ್ಟವರ ಕೈ ಸೇರುತ್ತದೆ. 2021ರ ಜುಲೈನಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳ ಒಕ್ಕೂಟದ ಉನ್ನತ ಅಧಿಕಾರಿಯೊಬ್ಬರು ರಾಜೀನಾಮೆ ಕೊಡಬೇಕಾಯಿತು. ಮಾರುಕಟ್ಟೆಯಲ್ಲಿ ಸಿಗುವ, ಹೆಸರಿಲ್ಲದ ಲೊಕೇಶನ್ ದತ್ತಾಂಶವನ್ನು ಧಾರ್ಮಿಕ ಸುದ್ದಿತಾಣವೊಂದು ಪಡೆದು, ಸಲಿಂಗಿಗಳು ಬಳಸುವ ಒಂದು ಆ್ಯಪ್‌ನ ಸಂಕೇತ ಹೊರಡಿಸುತ್ತಿದ್ದ ಫೋನೊಂದು ಅವರ ಮನೆ ಮತ್ತು ಕಚೇರಿಗಳಲ್ಲಿ ಇರುತ್ತಿತ್ತು ಎಂದು ಬರೆದಿತ್ತು. ಯಾರೂ ಅವರ ಫೋನನ್ನು ಹ್ಯಾಕ್ ಮಾಡಿರಲಿಲ್ಲ, ಯಾರೂ ಕದ್ದು ನೋಡಿರಲಿಲ್ಲ. ಕೊಳ್ಳಲು ಸಿಗುತ್ತಿದ್ದ ಮಾಹಿತಿಯಲ್ಲಿ ಒಬ್ಬ ಮನುಷ್ಯನ ಬದುಕು ಇತ್ತು, ಅಷ್ಟೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಫೋನ್‌ಗಳಲ್ಲಿ ಈ ಗುರುತುಸಂಖ್ಯೆಯನ್ನು ಬಳಸುವ ಮೊದಲು ಅನುಮತಿ ಕೇಳಲೇಬೇಕೆಂಬ ನಿಯಮ ತಂದಿತ್ತು. ಅದು ಒಳ್ಳೆಯ ಹೆಜ್ಜೆ. ಒಂದು ಕಂಪನಿ ತನ್ನ ಇಚ್ಛೆಯಿಂದ ಕೊಟ್ಟದ್ದು ಎಂಬುದೇ ಅದರ ಮಿತಿಯೂ ಹೌದು.

ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವಲ್ಲ, ಹಾಗಾದರೆ ಭಯವೇಕೆ ಎಂದು ಕೇಳುವವರಿದ್ದಾರೆ. ಪತ್ರದ ಒಳಗಿನ ಮಾತು ಮುಚ್ಚಿರುವುದು ನಿಜ, ಆದರೆ ಲಕೋಟೆಯ ಮೇಲಿನ ಬರಹ ತೆರೆದೇ ಇರುತ್ತದೆ: ಯಾರು ಯಾರಿಗೆ, ಯಾವಾಗ, ಎಷ್ಟು ಸಲ. ರಾತ್ರಿ ಎರಡು ಗಂಟೆಗೆ ಆಪ್ತಸಲಹಾ ಸಹಾಯವಾಣಿಗೆ ನಲವತ್ತು ನಿಮಿಷದ ಕರೆ ಹೋಗಿದೆ ಎಂದರೆ, ಮಾತೇನಾಯಿತೆಂದು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮೈಕೆಲ್ ಹೇಡನ್ 2014ರಲ್ಲಿ, ತಾವು ಇಂಥ ಲಕೋಟೆಯ ಮೇಲಿನ ಮಾಹಿತಿಯನ್ನು ಆಧರಿಸಿಯೇ ಜನರನ್ನು ಕೊಲ್ಲುತ್ತೇವೆ ಎಂದು ಸಾರ್ವಜನಿಕವಾಗಿ ಹೇಳಿದ್ದರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಈಗ ಎಲ್ಲೆಡೆ ಕೇಳಿಬರುತ್ತಿರುವ ಇನ್ನೊಂದು ಬೇಡಿಕೆಯನ್ನು ನೋಡಬೇಕು. ಜಾಲದಲ್ಲಿ ಅನಾಮಿಕತೆಯನ್ನು ನಿಲ್ಲಿಸಿ, ಪ್ರತಿ ಖಾತೆಗೂ ನಿಜವಾದ ಗುರುತಿನ ಚೀಟಿಯನ್ನು ಜೋಡಿಸಿ ಎಂಬ ಬೇಡಿಕೆ ಅದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಭಿಪ್ರಾಯ ಹೇಳಿದ ತಪ್ಪಿಗೆ ಮುಖವಿಲ್ಲದ ನೂರಾರು ಖಾತೆಗಳಿಂದ ಅತ್ಯಾಚಾರದ ಬೆದರಿಕೆಗಳನ್ನು ಓದಬೇಕಾಗಿ ಬಂದ ಹೆಣ್ಣುಮಗಳಿಗೆ ಅನಾಮಿಕತೆಯ ಹಿರಿಮೆಯನ್ನು ಬೋಧಿಸುವುದು ಕ್ರೌರ್ಯ. ಅವಳ ಸಿಟ್ಟು ನ್ಯಾಯವಾದದ್ದು. ನಾನು ಕೇಳುವುದಿಷ್ಟೇ: ಆ ಸಿಟ್ಟಿಗೆ ಪರಿಹಾರವೆಂದು ತೋರಿಸುತ್ತಿರುವ ದಾರಿ ಅವಳನ್ನು ಕಾಪಾಡುತ್ತದೆಯೇ?

ದಕ್ಷಿಣ ಕೊರಿಯಾ ಈ ದಾರಿಯಲ್ಲಿ ನಡೆದು ನೋಡಿದೆ. 2007ರಲ್ಲಿ ಅದು ದೊಡ್ಡ ಜಾಲತಾಣಗಳಲ್ಲಿ ಬರೆಯುವ ಪ್ರತಿಯೊಬ್ಬರೂ ನಿವಾಸಿ ನೋಂದಣಿ ಸಂಖ್ಯೆಯ ಮೂಲಕ ತಮ್ಮ ಗುರುತನ್ನು ದೃಢಪಡಿಸಬೇಕೆಂಬ ಕಾನೂನನ್ನು ಜಾರಿಗೊಳಿಸಿತು. ಅದರಿಂದಾಗಿ ಜಾಲತಾಣಗಳಲ್ಲಿ ಕೋಟ್ಯಂತರ ಜನರ ಅಸಲಿ ಗುರುತಿನ ಭಂಡಾರಗಳು ಬೆಳೆದವು. 2011ರ ಜುಲೈನಲ್ಲಿ ಅಂಥ ಭಂಡಾರವೊಂದಕ್ಕೆ ಕನ್ನ ಬಿತ್ತು, ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರಗಳು ಕಳವಾದವು. ಆಗ ಆ ದೇಶದ ಜನಸಂಖ್ಯೆ ಐದು ಕೋಟಿಯಷ್ಟು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು ಒಮ್ಮತದಿಂದ ಈ ನಿಯಮವನ್ನು ರದ್ದುಗೊಳಿಸಿತು. ಕಾನೂನು ಜಾರಿಯಾದ ಬಳಿಕ ಅಕ್ರಮ ಬರಹಗಳು ಗಣನೀಯವಾಗಿ ಇಳಿದದ್ದಕ್ಕೆ ಪುರಾವೆಯಿಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಬೈಯುವವರು ಗುರುತು ಕೊಟ್ಟೂ ಬೈದರು. ಅಲ್ಲಿಯವರೆಗೆ ಹೆಸರಿಲ್ಲದೆ ಮಾತನಾಡುತ್ತಿದ್ದ ದುರ್ಬಲರ ವಿವರಗಳು ಕಳ್ಳರ ಕೈಗೆ ಹೋದವು.

ಇಲ್ಲಿ ಎರಡು ಬಗೆಯ ಅನಾಮಿಕತೆಯನ್ನು ಬೇರೆ ಮಾಡಿ ನೋಡುವುದು ಅಗತ್ಯ. ಒಂದು, ಸಹಮನುಷ್ಯರ ಎದುರಿನ ಅನಾಮಿಕತೆ: ನೆರೆಯವರು, ಮೇಲಧಿಕಾರಿ, ಮಾಜಿ ಪತಿ, ಊರಿನ ಪುಂಡರು ಇವರಿಗೆ ನಾನು ಯಾರೆಂದು ತಿಳಿಯದಿರುವುದು. ಇನ್ನೊಂದು, ಮಾಹಿತಿ ಕೂಡಿಡುವವರ ಎದುರಿನ ಅನಾಮಿಕತೆ: ಕಂಪನಿಗಳಿಗೆ, ದಲ್ಲಾಳಿಗಳಿಗೆ, ಬೇಹಿನ ಸಂಸ್ಥೆಗಳಿಗೆ ತಿಳಿಯದಿರುವುದು. ಮೇಲೆ ಹೇಳಿದ್ದೆಲ್ಲ ಎರಡನೆಯದು ಹೆಚ್ಚುಕಡಿಮೆ ಮುಗಿದುಹೋಗಿದೆ ಎಂಬುದರ ಕಥೆ. ಸಾಮಾನ್ಯರಿಗೆ ಇನ್ನೂ ಉಳಿದಿರುವುದು ಮೊದಲನೆಯದು. ಹಿಂಸೆಯ ಮದುವೆಯಿಂದ ಹೊರಬರುವ ದಾರಿ ಕೇಳುವವಳು, ಕಾರ್ಖಾನೆಯ ಅಕ್ರಮವನ್ನು ಬಯಲಿಗೆಳೆಯುವ ನೌಕರ, ತನ್ನ ಒಲವಿನ ಬಗ್ಗೆ ಮನೆಯಲ್ಲಿ ಹೇಳಲಾರದ ಹುಡುಗ, ಕುಡಿತ ಬಿಡಲು ಹೆಣಗುತ್ತಿರುವವರು, ಇವರೆಲ್ಲ ಆಸರೆ ಪಡೆಯುವುದು ಇದರಲ್ಲಿಯೇ. ನಿಜನಾಮದ ಕಾನೂನು ಕಸಿಯುವುದು ಇದನ್ನು. ಬೆದರಿಕೆ ಹಾಕುವವರನ್ನಾದರೋ ಪೊಲೀಸರು ಐಪಿ ವಿಳಾಸ, ಫೋನ್ ಸಂಖ್ಯೆ, ಖಾತೆಯ ದಾಖಲೆಗಳಿಂದ ಹಲವು ಪ್ರಕರಣಗಳಲ್ಲಿ ಈಗಲೂ ಪತ್ತೆ ಮಾಡಬಲ್ಲರು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಕೊರತೆ ಇರುವುದು ಗುರುತಿನದ್ದಲ್ಲ, ದೂರನ್ನು ಗಂಭೀರವಾಗಿ ಕೈಗೆತ್ತಿಕೊಳ್ಳುವ ಮನಸ್ಸಿನದು.

ಗುರುತು ಮತ್ತು ಅನಾಮಿಕತೆ ಒಂದೇ ಕಡೆ ಇರಲಾರವು ಎಂದು ವಾದಿಸುವವರಿಗೆ ಮತಗಟ್ಟೆಯನ್ನು ತೋರಿಸಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳಲ್ಲಿ 1856ರಲ್ಲಿ ಜಾರಿಗೆ ಬಂದು ಆಮೇಲೆ ಜಗತ್ತಿಗೆಲ್ಲ ಹರಡಿದ ಗುಪ್ತ ಮತದಾನದಲ್ಲಿ, ಬಾಗಿಲ ಬಳಿ ಗುರುತನ್ನು ಪರಿಶೀಲಿಸಿ ಒಳಗೆ ಬಿಡುತ್ತಾರೆ. ಮರೆಯೊಳಗೆ ಗುರುತು ಹಾಕುವ ಮತಪತ್ರದಲ್ಲಿ ಮಾತ್ರ ಹೆಸರಿರುವುದಿಲ್ಲ. ಅರ್ಹತೆ ಸಾಬೀತಾಗಬೇಕು, ಆಯ್ಕೆ ಗುಟ್ಟಾಗಿರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಗಣಿತ ಕಂಪ್ಯೂಟರ್ ವಿಜ್ಞಾನದಲ್ಲಿಯೂ ಇದೆ. ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ ಮತ್ತು ಚಾರ್ಲ್ಸ್ ರ‍್ಯಾಕಾಫ್ 1985ರಲ್ಲಿ ಮಂಡಿಸಿದ ಪರಿಕಲ್ಪನೆಯ ಆಧಾರದ ಮೇಲೆ, ‘ನನಗೆ ಹದಿನೆಂಟು ತುಂಬಿದೆ’ ಎಂಬುದೊಂದನ್ನು ಮಾತ್ರ ಸಾಬೀತುಪಡಿಸಿ, ಹೆಸರನ್ನಾಗಲಿ ಜನ್ಮದಿನಾಂಕವನ್ನಾಗಲಿ ಕೊಡದೆ ಇರಲು ಸಾಧ್ಯ.

ಆದರೆ ಇಂದು ನಡೆಯುತ್ತಿರುವುದು ಬೇರೆ. ಬ್ರಿಟನ್ನಿನಲ್ಲಿ 2025ರ ಜುಲೈನಿಂದ ವಯಸ್ಕರ ವಿಷಯವಿರುವ ತಾಣಗಳು ವಯಸ್ಸನ್ನು ಪರಿಶೀಲಿಸುವುದು ಕಡ್ಡಾಯವಾಯಿತು. ಆಸ್ಟ್ರೇಲಿಯಾದಲ್ಲಿ ಅದೇ ಡಿಸೆಂಬರ್‌ನಿಂದ ಹದಿನಾರಕ್ಕಿಂತ ಚಿಕ್ಕವರಿಗೆ ಸಾಮಾಜಿಕ ಜಾಲತಾಣಗಳ ಖಾತೆ ಇಲ್ಲವಾಯಿತು. ಮಕ್ಕಳನ್ನು ಕಾಯಬೇಕೆಂಬ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಕ್ಕಳನ್ನು ಹೊರಗಿಡಲು ದೊಡ್ಡವರೂ ಹಲವೆಡೆ ಮುಖದ ಚಿತ್ರವನ್ನೋ ಸರ್ಕಾರಿ ಗುರುತಿನ ಚೀಟಿಯನ್ನೋ ಕೊಡಬೇಕಾಗುತ್ತದೆ, ಕೊಟ್ಟದ್ದು ಎಲ್ಲಿಯೋ ಕೂಡಿಬೀಳಬಹುದು. 2025ರ ಅಕ್ಟೋಬರ್‌ನಲ್ಲಿ, ಜಾಲದಲ್ಲಿ ಹರಟೆಯ ಸೇವೆ ನಡೆಸುವ ಡಿಸ್ಕಾರ್ಡ್ ಕಂಪನಿ, ತನಗೆ ಸೇವೆ ಒದಗಿಸುತ್ತಿದ್ದ ಹೊರಸಂಸ್ಥೆಯ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರಗಳು ಸೋರಿರಬಹುದೆಂದು ಒಪ್ಪಿಕೊಂಡಿತು. ವಯಸ್ಸಿನ ಕುರಿತ ತಕರಾರು ಇತ್ಯರ್ಥಪಡಿಸಲೆಂದು ಜನ ಕೊಟ್ಟಿದ್ದ ಚಿತ್ರಗಳು ಅವು.

ಪರದೆಯ ಹೊರಗಿನ ಬೀದಿಯಲ್ಲಾದರೂ ಅನಾಮಿಕರಾಗಿದ್ದೇವೆಯೇ? ಕ್ಲಿಯರ್‌ವ್ಯೂ ಎಐ ಎಂಬ ಕಂಪನಿ ಜಾಲತಾಣಗಳಿಂದ 300 ಕೋಟಿಗೂ ಹೆಚ್ಚು ಚಿತ್ರಗಳನ್ನು ಯಾರ ಅನುಮತಿಯನ್ನೂ ಕೇಳದೆ ಬಾಚಿಕೊಂಡು ಮುಖ ಗುರುತಿಸುವ ವ್ಯವಸ್ಥೆಯನ್ನು ಕಟ್ಟಿದೆಯೆಂದು 2020ರ ಜನವರಿಯಲ್ಲಿ ಬಯಲಾಯಿತು. 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಕನ್ನಡಕ, ಸಾರ್ವಜನಿಕವಾಗಿ ಲಭ್ಯವಿರುವ ಮುಖಶೋಧ ಸೇವೆ ಮತ್ತು ಬರಹವನ್ನು ಓದಿ ಉತ್ತರಿಸುವ ಒಂದು ಎಐ ಭಾಷಾ ಮಾದರಿಯನ್ನು ಜೋಡಿಸಿ, ಎದುರಿಗೆ ಬಂದ ಅಪರಿಚಿತರ ಹೆಸರು, ವಿಳಾಸಗಳು ಫೋನಿನಲ್ಲಿ ಮೂಡುವಂತೆ ಮಾಡಿ ತೋರಿಸಿದರು. ಎಚ್ಚರಿಸುವುದಕ್ಕಾಗಿ ಮಾಡಿದ್ದರಿಂದ ಅವರು ತಂತ್ರಾಂಶವನ್ನು ಪ್ರಕಟಿಸಲಿಲ್ಲ. ಬೇಕಾದ ಭಾಗಗಳೆಲ್ಲ ಮೊದಲೇ ಮಾರುಕಟ್ಟೆಯಲ್ಲಿದ್ದವು.

ಇನ್ನು ಬರವಣಿಗೆ. ಕನ್ನಡದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಒಬ್ಬರು ‘ಬರ್ತೀನಿ’ ಎನ್ನುತ್ತಾರೆ, ಇನ್ನೊಬ್ಬರು ‘ಬರ್ತೇನೆ’, ಮತ್ತೊಬ್ಬರು ‘ಬರ್ತೇನ್ರಿ’. ಒಂದು ಕ್ರಿಯಾಪದದ ತುದಿಯಲ್ಲಿಯೇ ಸೀಮೆ ತಿಳಿಯುತ್ತದೆ. ಯಾವ ಪದಕ್ಕೆ ಒತ್ತು ತಪ್ಪುತ್ತದೆ, ಎಲ್ಲಿ ಅಲ್ಪವಿರಾಮ ಬೀಳುತ್ತದೆ, ಯಾವ ಗಾದೆ ಬಾಯಿಗೆ ಬೇಗ ಬರುತ್ತದೆ ಎಂಬುದು ಮನುಷ್ಯರಿಗಿಂತ ಚೆನ್ನಾಗಿ ಯಂತ್ರಕ್ಕೆ ಕಾಣುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ರೆಡಿಟ್ ಎಂಬ ಚರ್ಚಾತಾಣದಲ್ಲಿ ಜನ ಬರೆದ ಸಾಮಾನ್ಯ ಮಾತುಗಳನ್ನು ಭಾಷಾ ಮಾದರಿಗಳಿಗೆ ಓದಿಸಿದಾಗ, ಬರೆದವರ ವಾಸಸ್ಥಳ, ಆದಾಯ, ಲಿಂಗದಂಥ ವಿವರಗಳನ್ನು ಅವು ಶೇ 85ರವರೆಗೆ ಮೊದಲ ಊಹೆಯಲ್ಲಿಯೇ ಸರಿಯಾಗಿ ಹೇಳಿದವು. ಇಂಥ ಕೆಲಸಕ್ಕೆ ಹಿಂದೆ ಪರಿಣತರು ದಿನಗಟ್ಟಲೆ ಕೂರಬೇಕಿತ್ತು. ಬಹುಮಟ್ಟಿಗೆ ನಮ್ಮನ್ನು ಕಾಪಾಡಿದ್ದು ಗುಟ್ಟಲ್ಲ, ಹುಡುಕುವವರಿಗೆ ಆಗುತ್ತಿದ್ದ ಶ್ರಮ ಮತ್ತು ಖರ್ಚು. ಆ ಶ್ರಮವೇ ಈಗ ಇಲ್ಲವಾಗುತ್ತಿದೆ.

ಕಾನೂನು ಏನು ಮಾಡುತ್ತಿದೆ? ಯುರೋಪಿನ ದತ್ತಾಂಶ ರಕ್ಷಣಾ ನಿಯಮ 2018ರ ಮೇ 25ರಿಂದ ಜಾರಿಯಲ್ಲಿದೆ, ಜಗತ್ತಿನ ಹಲವು ದೇಶಗಳು ಅದರ ಹಾದಿ ಹಿಡಿದಿವೆ. ಅದು ದೊಡ್ಡ ಸಾಧನೆ. ನನ್ನ ಕಡತ ನನಗೆ ಸಿಕ್ಕಿದ್ದೇ ಇಂಥ ನಿಯಮಗಳು ಹುಟ್ಟಿಸಿದ ಒತ್ತಡದಿಂದ. ಆದರೆ ಅದರಲ್ಲಿ ಎರಡು ದುರ್ಬಲ ಕೀಲುಗಳಿವೆ. ನಿಜವಾಗಿ ಅನಾಮಿಕವಾದ ದತ್ತಾಂಶಕ್ಕೆ ಆ ನಿಯಮ ಅನ್ವಯಿಸುವುದಿಲ್ಲ, ಹೀಗಾಗಿ ಹೆಸರು ತೆಗೆದದ್ದನ್ನೇ ಅನಾಮಿಕವೆಂದು ಕರೆದುಕೊಳ್ಳುವ ಆಮಿಷ ಕಂಪನಿಗಳಿಗೆ ಸದಾ ಇರುತ್ತದೆ. ಎರಡನೆಯದು ಒಪ್ಪಿಗೆ. ಪ್ರತಿ ಪುಟದಲ್ಲಿ ಎದುರಾಗುವ ಒಪ್ಪಿಗೆಯ ಗುಂಡಿಯನ್ನು ಜನ ಓದಿ ಒತ್ತುವುದಿಲ್ಲ, ಓದಲು ಸಾಧ್ಯವೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಒಬ್ಬರು ಕೊಟ್ಟ ಒಪ್ಪಿಗೆಯಲ್ಲಿ ಇನ್ನೊಬ್ಬರ ಬದುಕೂ ಸೇರಿಹೋಗುತ್ತದೆ. ಗೆಳೆಯರು ತಮ್ಮ ಫೋನಿನ ಸಂಪರ್ಕಪಟ್ಟಿಯನ್ನು ಒಂದು ಆ್ಯಪ್‌ಗೆ ಕೊಟ್ಟರೆ, ಆ ಆ್ಯಪನ್ನು ಎಂದೂ ಮುಟ್ಟದ ನನ್ನ ಸಂಖ್ಯೆಯೂ ಹೋಯಿತು. 2023ರಲ್ಲಿ ವಂಶವಾಹಿ ಪರೀಕ್ಷೆಯ ಕಂಪನಿ 23ಆ್ಯಂಡ್‌ಮಿಯಲ್ಲಿ ಕಳ್ಳರು ನೇರವಾಗಿ ಪ್ರವೇಶಿಸಿದ್ದು ಸುಮಾರು 14,000 ಖಾತೆಗಳಿಗೆ. ರಕ್ತಸಂಬಂಧಿಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಬಯಲಾದದ್ದು ಸುಮಾರು 69 ಲಕ್ಷ ಜನರ ವಿವರ. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಕೋಟಿಗೂ ಮಿಕ್ಕ ಜನರ ವಂಶವಾಹಿ ಮಾಹಿತಿ ಸಾಲ ಕೊಟ್ಟವರ ಮುಂದಿನ ಆಸ್ತಿಪಟ್ಟಿಯಲ್ಲಿತ್ತು. ನನ್ನ ಓಡಾಟದ ಕಡತದಲ್ಲಿಯೂ ಬಯಲಾದದ್ದು ನನ್ನ ಗುಟ್ಟಾಗಿರಲಿಲ್ಲ. ಅದು ತಂದೆಯವರದು. ಅವರು ಆ ಸೇವೆಯನ್ನು ಬಳಸಿದವರೇ ಅಲ್ಲ, ಯಾವ ಗುಂಡಿಯನ್ನೂ ಒತ್ತಿದವರಲ್ಲ.

ಹಾಗಾಗಿ ಹೆಸರನ್ನು ಹೇಗೆ ಮುಚ್ಚುವುದೆಂಬ ಪ್ರಶ್ನೆಯನ್ನು ಬಿಟ್ಟು, ಇಷ್ಟನ್ನು ಕೂಡಿಡುವುದೇ ಏಕೆ ಎಂಬ ಪ್ರಶ್ನೆಗೆ ಬರಬೇಕು. ಹವಾಮಾನ ಹೇಳುವ ಆ್ಯಪ್‌ಗೆ ನಾನಿರುವ ಊರು ಗೊತ್ತಾದರೆ ಸಾಕು, ನಾನು ನಿಂತ ಕಟ್ಟಡ ಬೇಡ. ಈ ಗಂಟೆಯ ಮಾಹಿತಿ ಸಾಕು, ಕಳೆದ ಆರು ವರ್ಷಗಳದ್ದು ಬೇಡ. ದಾರಿ ತೋರಿಸುವ ಸೇವೆ ತನ್ನ ನೆನಪನ್ನು ನನ್ನ ಫೋನಿನಲ್ಲಿಯೇ ಇಟ್ಟುಕೊಳ್ಳಬಹುದು, ತನ್ನ ಸರ್ವರ್‌ಗೆ ಒಯ್ಯಬೇಕಿಲ್ಲ. ಬಳಕೆದಾರರ ಜಾಡು ಮರೆಸುವ ಟಾರ್‌ನಂಥ ಜಾಲವೂ, ಬೆರಳಚ್ಚು ತಡೆಯುವ ಬ್ರೌಸರ್‌ಗಳೂ ಉಪಯುಕ್ತವೇ, ಅಪಾಯದಲ್ಲಿರುವವರು ಅವನ್ನು ಕಲಿತುಕೊಳ್ಳಲೇಬೇಕು. ಆದರೆ ಪ್ರತಿಯೊಬ್ಬ ಮನುಷ್ಯನೂ ತನ್ನ ಮಾನವನ್ನು ತಾನೇ ಕಾಯ್ದುಕೊಳ್ಳಲೆಂದು ತಂತ್ರಜ್ಞನಾಗಬೇಕೆಂದು ಬಯಸುವುದು ನ್ಯಾಯವಲ್ಲ. ಕೂಡಿಡುವವರ ಮೇಲೆ ಹೊಣೆ ಹೊರಿಸುವುದು ಕಾನೂನಿನ ಕೆಲಸ, ಕೂಡಿಡದೆ ಕಟ್ಟುವುದು ತಂತ್ರಜ್ಞರ ಕೆಲಸ.

ಎರಡನೆಯದು ಆಗದ ಮಾತೇನಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಒಂದು ತನಿಖೆಯಲ್ಲಿ, ಸಂದೇಶ ಕಳುಹಿಸುವ ಸಿಗ್ನಲ್ ಆ್ಯಪನ್ನು ನಡೆಸುತ್ತಿದ್ದ ಸಂಸ್ಥೆಗೆ ಎರಡು ಫೋನ್ ಸಂಖ್ಯೆಗಳ ಕುರಿತು ಇರುವ ಮಾಹಿತಿಯನ್ನೆಲ್ಲ ಒಪ್ಪಿಸಬೇಕೆಂಬ ಆದೇಶ ಬಂತು. ಹೆಸರು, ವಿಳಾಸ, ಸಂಪರ್ಕಗಳು, ಐಪಿ ದಾಖಲೆಗಳು ಎಲ್ಲವನ್ನೂ ಕೇಳಲಾಗಿತ್ತು. ಒಂದು ಸಂಖ್ಯೆಗೆ ಖಾತೆಯೇ ಇರಲಿಲ್ಲ. ಇನ್ನೊಂದರ ಬಗ್ಗೆ ಸಂಸ್ಥೆಯ ಬಳಿ ಇದ್ದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಆ ಎರಡನ್ನೂ ಅದು ಕೊಟ್ಟಿತು. ಬೇರೇನನ್ನೂ ಅದು ಕೂಡಿಟ್ಟಿರಲಿಲ್ಲ.